ಆರು ಮೂಲೆಯ ದೇವರೂ ನನ್ನ ನೀಲಿ ಕಲ್ಲೂ

ಮನುಷ್ಯ ಮನುಷ್ಯರ ನಡುವೆ ಭೇದ ಮಾಡಬಾರದೆಂದು ಭಾಷಣ ಬಿಗಿಯುವವರು ಬೇಕಾದಷ್ಟಿದ್ದಾರೆ. ಕಲ್ಲು ಕಲ್ಲುಗಳ ನಡುವೆ ನಡೆಯುವ ಭೇದದ ಬಗ್ಗೆ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಈ ಅನ್ಯಾಯ ನನ್ನ ಮನೆಯಲ್ಲೇ, ಹೆತ್ತ ತಾಯಿಯಿಂದಲೇ ನಡೆದದ್ದರಿಂದ ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಆಗ ನಾನು ಹುಣಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಹೆಗ್ಗಡದೇವನಕೋಟೆ ಕಡೆಯ ಹೊಲದ ಬದುಗಳಲ್ಲಿ ಅಲೆದು ಎರಡು ಅಪರೂಪದ ಕಲ್ಲು ತಂದಿದ್ದೆ. ಬಸ್ಸಿನಲ್ಲಿ ಕಂಡಕ್ಟರು ಎಲ್ಲರೆದುರಿಗೂ, "ಯಾಕ್ ಮೇಷ್ಟ್ರೇ, ಉಣಸೂರಲ್ಲಿ ಕಲ್ಲಿಗೂ ಬರ ಬಂತಾ?" ಎಂದು ಕೇಳಿದ್ದ. ಅವನಿಗೇನು ಗೊತ್ತು! ಒಂದು ಕೆಂಪು ಕುರುಂದ. ಚಾಕು ಸಾಣೆ ಹಿಡಿಯಲು ಬಳಸುವ ಜಾತಿಯದೇ, ಆದರೆ ಅಚ್ಚುಕಟ್ಟಾಗಿ ಆರು ಮುಖ ತಳೆದ ಹರಳು. ಇನ್ನೊಂದು ಕಯನೈಟ್, ನವಿಲಿನ ಕತ್ತಿನ ನೀಲಿ, ಚಪ್ಪಟೆ ಪಟ್ಟಿ. ಇದರ ಮೂರು ಅಕ್ಷಗಳಲ್ಲಿ ಯಾವುದೂ ಇನ್ನೊಂದಕ್ಕೆ ನೆಟ್ಟಗೆ ನಿಲ್ಲುವುದಿಲ್ಲ. ಇವೆರಡನ್ನೂ ಹೋಲಿಸಿ ಪಾಠ ಮಾಡಿದರೆ ತಪಾಸಣೆಗೆ ಬರುವ ಇನ್ಸ್‌ಪೆಕ್ಟರು ಮೆಚ್ಚಿ, ನನ್ನನ್ನು ಮೈಸೂರಿನ ಟ್ರೈನಿಂಗ್ ಕಾಲೇಜಿಗೆ ಶಿಫಾರಸು ಮಾಡಬಹುದೆಂದು ಹೆಡ್‌ಮಾಸ್ತರು ಹೇಳಿದ್ದರು. ನಾನು ಆಗಲೇ ಮೈಸೂರಿನ ಬಾಡಿಗೆ ಮನೆಯ ಕಿಟಕಿ ಯಾವ ದಿಕ್ಕಿಗಿರಬೇಕೆಂದು ಯೋಚಿಸುತ್ತಿದ್ದೆ.

ತಪಾಸಣೆಯ ಬೆಳಿಗ್ಗೆ ನೋಡುತ್ತೇನೆ, ಮೇಜಿನ ಮೇಲೆ ನೀಲಿ ಕಲ್ಲೊಂದೇ ಇದೆ. ಕೆಂಪು ಹರಳು ದೇವರ ಗೂಡಿನಲ್ಲಿ ಅರಿಶಿನ ಕುಂಕುಮ ಮೆತ್ತಿಸಿಕೊಂಡು, ಕಣಗಿಲೆ ಹೂ ಮುಡಿದು ಕೂತಿದೆ.

"ಅವ್ವ, ಅದು ಪಾಠದ ಕಲ್ಲು!"

"ಯಾರೂ ಕೆತ್ತದೇ ಆರು ಮೂಲೆ ಬಂದೈತೆ ಕಣ್ಲಾ. ತಾನಾಗೇ ಹುಟ್ಟಿರೋ ದೇವ್ರು. ಮುಟ್ಟೀಯ, ಉಸಾರು!"

"ಅದು ಹರಳಿನ ಗುಣ. ಒಳಗಿನ ಅಣುಗಳು ಹಾಗೆ ಜೋಡಣೆಯಾಗಿರ್ತವೆ."

"ಜೋಡ್ಸಿದ್ದು ಯಾರು?"

ಬಿ.ಎಸ್ಸಿ.ಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಹಾಗಾದರೆ ನೀಲಿಯದನ್ನೂ ಯಾರೂ ಕೆತ್ತಿಲ್ಲ, ಅದಕ್ಕೇಕೆ ಹೂವಿಲ್ಲ ಎಂದೆ. ಅವ್ವ ಅದನ್ನು ಹಿಂದುಮುಂದು ತಿರುಗಿಸಿ ನೋಡಿದಳು. "ಒಂದ್ ಮೂಲೆನೂ ನೆಟ್ಟಗಿಲ್ಲ. ಪದರ ಪದರ ಎದ್ದೋಯ್ತದೆ. ಇದ ನೀನೇ ಮಡೀಕೊ."

ಅನ್ಯಾಯವೆಂದರೆ ಇದಲ್ಲವೇ? ನಾನು ಕೂಗಾಡಿದೆ, ಉಪ್ಪಿಟ್ಟಿನ ತಟ್ಟೆ ತಳ್ಳಿದೆ. ಪಾಠದಲ್ಲಿ ಕೆಂಪು ಹರಳನ್ನು ಚಾಕುವಿನಿಂದ ಗೀರಿ ತೋರಿಸಲೇಬೇಕು ಎಂದದ್ದಂತೂ ದೊಡ್ಡ ತಪ್ಪಾಯಿತು; ದೇವರ ಮೈಗೆ ಚಾಕು ಹಾಕುವ ಮಗನನ್ನು ಹೆತ್ತದ್ದಕ್ಕೆ ಅವ್ವ ಕಣ್ಣೊರೆಸಿಕೊಂಡಳು.

ಹೆಡ್‌ಮಾಸ್ತರಾದರೂ ನನ್ನ ಪರ ನಿಲ್ಲುತ್ತಾರೆಂದು ಓಡಿದೆ. ಅವರು, "ದೇವರನ್ನು ಕದಲಿಸಬೇಡಿ, ನಾವೇ ಬರ್ತೀವಿ" ಎಂದು ಇನ್ಸ್‌ಪೆಕ್ಟರನ್ನೇ ಮನೆಗೆ ಕರೆತಂದರು. ಆ ಮಹಾನುಭಾವರು ಬೂಟು ಬಿಚ್ಚಿ, ಕೈಮುಗಿದು, ಅವ್ವನಿಂದ ತೀರ್ಥ ತೆಗೆದುಕೊಂಡರು. ಗಡಸುತನ ಹತ್ತಕ್ಕೆ ಒಂಬತ್ತು, ಉಕ್ಕೂ ಇದನ್ನು ಗೀರಲಾರದು ಎಂದು ನಾನು ಗೋಡೆಗೆ ವಿವರಿಸಿದೆ.

ಉಳಿದದ್ದು ನನ್ನ ನೀಲಿ ಕಲ್ಲು. ಚಾಕುವಿನಿಂದ ಉದ್ದಕ್ಕೆ ಎಳೆದೆ, ಗೆರೆ ಬಿತ್ತು. ಅಡ್ಡಕ್ಕೆ ಎಳೆದೆ, ಚಾಕು ಜಾರಿತು. ಇನ್ಸ್‌ಪೆಕ್ಟರು ಮೊದಲ ಸಲ ನನ್ನ ಕಡೆ ತಿರುಗಿದರು. "ಒಂದೇ ಕಲ್ಲು ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ಅದು ಹೇಗೆ ಮೇಷ್ಟ್ರೇ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವ್ವ ಬಾಗಿಲಿನಿಂದ, "ನಮ್ಮುಡುಗ್ನಂಗೇಯ ಸ್ವಾಮಿ. ಎಡ್ ಮೇಷ್ಟ್ರ ಮುಂದೆ ಬೆಣ್ಣೆ, ಮನೇಲಿ ಗುಂಡುಕಲ್ಲು" ಎಂದಳು.

ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಾಲೇಜಿಗೆ ಕಳಿಸಬೇಕಾದ್ದು ನಿಮ್ಮ ತಾಯಿಯವರನ್ನ!"

ನನ್ನ ಮೈಯೆಲ್ಲ ಬೆಂಕಿಯಾಯಿತು. ಹೋಲಿಕೆ ಶುದ್ಧ ತಪ್ಪು, ಇದನ್ನು ನಾನು ಒಪ್ಪುವುದಿಲ್ಲ ಎಂದು ಖಂಡಾತುಂಡವಾಗಿ ಹೇಳಲು ಎದ್ದು ನಿಂತೆ.

"ಅಲ್ಲವೇನ್ರೀ?" ಎಂದರು ಹೆಡ್‌ಮಾಸ್ತರು.

"ಹೌದು ಸಾರ್" ಎಂದೆ.