ಹಾರ್ಡ್ ಡಿಸ್ಕಿಗೆ ಕುಂಕುಮ

ಪುಣೆದಾಗಿನ ನಮ್ಮ ಕನ್ನಡ ಸಂಘದಾಗ ಹಳೇ ಹಾಡು, ಫೋಟೋ, ಹಸ್ತಪ್ರತಿ ಎಲ್ಲಾ ಕಂಪ್ಯೂಟರಿಗೆ ಏರಿಸಿ ಕಾಯೂ ಕೆಲಸ ನಂದು. ಮೊಮ್ಮಕ್ಕಳ ಕಾಲಕ್ಕ ಉಳಸಬೇಕಂತ ಕೂತ್ರ ಸಂಜೀತನಕ ಉಳಸೂದ ಕಷ್ಟ ಆಗತದ. ವಾರಕ್ಕೊಂದರ ಇಂಥಾದ್ದು ಆಗೇ ಆಗತದ.

೧. ಮೂರು ಜಾಗ

ಎಲ್ಲಾದರದೂ ಮೂರು ಕಾಪಿ ಮಾಡಿ ಮೂರು ಜಾಗದಾಗ ಇಡ್ರಿ ಅಂತ ಕಾರ್ಯದರ್ಶಿಗಳಿಗೆ ಬಡಕೊಂಡು ಹೇಳಿದ್ದೆ. ಮಳಿಗಾಲದಾಗ ಆಫೀಸು ಸೋರಿತು. ಓಡಿ ಬಂದು, "ಕಾಪಿ ಎಲ್ಲೆಲ್ಲಿ ಅದಾವ್ರೀ?" ಅಂದೆ.

"ಗಾಬರಿ ಆಗಬ್ಯಾಡ್ರಿ, ನೀವು ಹೇಳಿದಂಗ ಇಟ್ಟೀನಿ" ಅಂತ ಕಪಾಟ ತಗದು ತೋರಿಸಿದ್ರು. ಮ್ಯಾಲಿನ ಖಾನೆದಾಗ ಒಂದು, ನಡುವಿನದರಾಗ ಒಂದು, ಕೆಳಗಿನದರಾಗ ಒಂದು!

೨. ಖಂಡೇನವಮಿ

ಆಯುಧ ಪೂಜಾ ಆದ ಮರುದಿನ ಹಾರ್ಡ್ ಡಿಸ್ಕ್ ಚಾಲೂನ ಆಗವಲ್ದು. ನೋಡಿದ್ರ ವಯರು ಚುಚ್ಚೂ ತೂತಿನ ತುಂಬ ಕುಂಕುಮ. "ಯಾರ್ರೀ ಇದು?" ಅಂತ ಚೀರಿದೆ.

ಖಜಾಂಚಿಗಳು ಮೆಲ್ಲಕ ಅಂದ್ರು: "ಹಣಿ ಯಾವ ಕಡೆ ಅದ ಅಂತ ತಿಳೀಲಿಲ್ರಿ."

೩. ಹೇಳಬಾರದ ಹೆಸರು

ಬೆಳಗಾವಿ ಕಡೆ ಮದುವಿಯೊಳಗ ಹೆಣ್ಮಕ್ಕಳು ಗಂಡನ ಹೆಸರನ್ನ ಒಡಪು ಕಟ್ಟಿ ಹೇಳತಾರಲ್ಲ, ಅಂಥಾ ಒಡಪು ವರ್ಷಾನುಗಟ್ಟಲೆ ರೆಕಾರ್ಡ್ ಮಾಡಿದ ಒಬ್ಬ ಅಜ್ಜಿ ಪೆನ್‌ಡ್ರೈವ್ ತಂದ್ರು. ಹೇಳಿದವರೊಳಗ ಭಾಳ ಮಂದಿ ಈಗಿಲ್ಲ. ಬ್ಯಾರೆ ಕಾಪಿನೂ ಇಲ್ಲ. ಹಚ್ಚಿದ್ರ ಪಾಸ್‌ವರ್ಡ್ ಕೇಳತು.

"ಕನ್ನಡಕ ಮರೆತು ಬಂದೀನಿ, ನೀನ ಒತ್ತು" ಅಂದ್ರು ಅಜ್ಜಿ.

"ಏನಂತ ಒತ್ತಲಿ?"

"ಇವರ ಹೆಸರದ. ನಾ ಬಾಯಿಲೆ ಹೆಂಗ ಹೇಳಲಿ?" ಅಂತ ಬಾಜೂಕ ಕೂತ ಅಜ್ಜಾರನ್ನ ತೋರಿಸಿದ್ರು.

ಅಜ್ಜಾರು ಮೀಸಿ ತಿರುವಿದ್ರು. "ನಾನೂ ಹೇಳೂದಿಲ್ಲ. ಊರ ಮಂದಿ ಒಡಪೆಲ್ಲಾ ಕೂಡಿ ಹಾಕ್ಯಾಳ, ಇವತ್ತರ ತನ್ನದೊಂದು ಹೇಳಲಿ."

ಆಫೀಸಿನ ಮಂದಿ ಎಲ್ಲಾ ಸುತ್ತ ನಿಂತ್ರು. ಅಜ್ಜಿ ಸೆರಗು ಸರಿ ಮಾಡಿಕೊಂಡು ಹೇಳೇಬಿಟ್ರು:

"ಪುಣೆಕ್ಕ ಬಂದು ಕಲತೆ ಮಿಸಳ ಮಾಡೂ ರೀತಿ,
ವಾಸುದೇವರಾಯರ ಮ್ಯಾಲ ನನಗ ಜೀವದ ಪ್ರೀತಿ."

ಚಪ್ಪಾಳಿ ಅಂದ್ರ ಚಪ್ಪಾಳಿ! ನಾ ವಾಸುದೇವ ಅಂತ ಒತ್ತಿದೆ. ತಪ್ಪು. ಇನ್ನೊಮ್ಮೆ ತಪ್ಪಿದ್ರ ಎಲ್ಲಾ ಅಳಿಸಿ ಹೋಗತದ ಅಂತ ಬಂತು.

ಅಜ್ಜಾರ ಮಾರಿ ಸಣ್ಣದಾತು. "ಮತ್ತ ಯಾರ ಹೆಸರೇ ಅದು?"

ಅಜ್ಜಿ ನನ್ನ ಕಡೆ ತಿರುಗಿದ್ರು. "ಏನ ಒತ್ತಿದಿ?"

"ವಾಸುದೇವ ಅಂತ."

"ಅಯ್ಯ ನಿನ್ನ! ಬರೇ ವಾಸುದೇವ? ನಿನ್ನ ಗೆಳ್ಯಾರೇನ ಅವರು? ರಾಯರು ಅಂತ ಹಚ್ಚು!"

ಹಚ್ಚಿದೆ. ತೆರಕೊಂಡಿತು. ಎಲ್ಲಾ ಒಡಪೂ ಇದ್ದವು. ಹೋದ ಜೀವ ಬಂದಂಗಾತು ನನಗ.

ಅಜ್ಜಾರು ಮಾತ್ರ ನನ್ನ ಕಿವ್ಯಾಗ ಅಂದ್ರು: "ಮನ್ಯಾಗ ದಿನಾ 'ನಿಮಗೇನ ತಿಳೀತದ, ಸುಮ್ಮ ಕೂಡ್ರಿ' ಅಂತಾಳ. ನಾ ರಾಯರು ಆಗಿದ್ದು ಆ ಪೆನ್‌ಡ್ರೈವಿನ್ಯಾಗ ಅಷ್ಟ. ಅದರದೂ ಮೂರು ಕಾಪಿ ಮಾಡ್ರಿ!"