ಒಂಬತ್ತು ಚುಕ್ಕಿಯ ಬೀಗ

ಮೊಬೈಲಿಗೆ ದಿನಕ್ಕೊಂದು ಬೀಗ ಹಾಕುವ ಘನಂದಾರಿ ಯೋಜನೆ ಹೊಳೆದದ್ದು ಅಮ್ಮನಿಗೇ. ಆ ಕೀರ್ತಿಯಲ್ಲಿ ಬೇರೆ ಯಾರಿಗೂ ಪಾಲಿಲ್ಲ. ಎರಡನೇ ಕ್ಲಾಸಿನ ಮಗಳಿಗೆ ದಿನಕ್ಕೆ ಅರ್ಧ ಗಂಟೆ ಮೊಬೈಲು, ಉಳಿದ ಸಂಜೆಯೆಲ್ಲ ಅಂಗಳ ಎಂದು ಶಾಸನವೇನೋ ಹೊರಟಿತ್ತು. (ಶಾಸನ ಹೊರಡಿಸುವುದು ಸುಲಭ. ಓವನ್ನಿನಲ್ಲಿ ಕೇಕು ಉಬ್ಬುತ್ತಿರುವಾಗ ಮಗಳ ಹಿಂದೆ ಓಡಿ ನೋಡಿ, ಆಮೇಲೆ ಮಾತಾಡೋಣ.) ಮನೆಯಲ್ಲೇ ಕೇಕು ಮಾಡಿ ಮಾರುವವಳು ಮೊಬೈಲನ್ನು ಬೀರುವಿನಲ್ಲಿ ಬಚ್ಚಿಡುವಂತೆಯೂ ಇಲ್ಲ, ಆರ್ಡರುಗಳೆಲ್ಲ ಅದರಲ್ಲೇ. ಹಾಗಾಗಿ ಪರದೆಯ ಮೇಲಿನ ಒಂಬತ್ತು ಚುಕ್ಕಿಗಳನ್ನು ಬೆರಳಿನಿಂದ ದಿನಕ್ಕೊಂದು ರೀತಿ ಕೂಡಿಸಿ ಬೀಗ ಹಾಕತೊಡಗಿದಳು.

ವಾರ ತುಂಬುವಷ್ಟರಲ್ಲಿ ಮಗಳು ತನ್ನ ಅರ್ಧ ಗಂಟೆಯನ್ನೂ ಮರೆತು, ಶಾಲೆಯ ಚೀಲ ಬಿಸಾಕಿ ಅಂಗಳಕ್ಕೆ ಜಿಗಿಯುತ್ತಿದ್ದಳು.

"ನೋಡಿದ್ರಾ ನನ್ನ ಆಡಳಿತ?" ಎಂದಳು ಅಮ್ಮ, ಗಂಡನಿಗೆ.

"ನೋಡ್ದೆ ತಾಯಿ. ನಂಗೂ ಒಂದು ಬೀಗ ಹಾಕ್ಬಿಡು, ಆಫೀಸಿಗೆ ಹೋಗೋದಾದ್ರೂ ತಪ್ಪುತ್ತೆ."

ಶನಿವಾರ ಸಂಜೆ ನಾಲ್ಕೂವರೆ. ಎರಡಂತಸ್ತಿನ ಕೇಕು ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಹೊಳೆಯುತ್ತಿತ್ತು. ಉಳಿದದ್ದು ಒಂದೇ, ಹುಟ್ಟುಹಬ್ಬದ ಮಗುವಿನ ಹೆಸರು. ಐದಕ್ಕೆ ಬರುತ್ತಾರೆ. ಹೊಸ ಗಿರಾಕಿ ಬೇರೆ. "ಮಗುವಿನ ಹೆಸರೊಂದು ತಪ್ಪಬಾರದು" ಎಂದು ಮೂರು ಸಲ ಹೇಳಿದ್ದಳು ಆಕೆ. ಹೆಸರಿದ್ದದ್ದು ಮೊಬೈಲಿನಲ್ಲಿ. ಅಮ್ಮ ಬೆರಳೆಳೆದಳು. ತಪ್ಪು. ಮತ್ತೆಳೆದಳು. ಅದು ನಿನ್ನೆಯದು. ಮೊನ್ನೆಯದು, ಆಚೆಮೊನ್ನೆಯದು... ಐದನೇ ಸಲಕ್ಕೆ ಮೊಬೈಲೇ ಸಿಟ್ಟು ಮಾಡಿಕೊಂಡು, ಮೂವತ್ತು ಸೆಕೆಂಡು ಬಿಟ್ಟು ಬಾ ಎಂದಿತು.

"ಬೆಳಿಗ್ಗೆ ಹಾಕಿದ್ದು ಸಂಜೆಗೇ ಮರೆತ್ಯಾ?" ಎಂದ ಗಂಡ, ಅಡುಗೆಮನೆಗೆ ಇಣುಕಿ.

"ಮದುವೆ ಆಗಿರೋದೂ ಮರೆತುಹೋಗುತ್ತೆ, ಸ್ವಲ್ಪ ಸುಮ್ನಿರಿ!"

"ಫೋನ್ ಮಾಡಿ ಕೇಳು ಮತ್ತೆ."

"ನಂಬರೂ ಅದರೊಳಗೇ ಇದೆ ರೀ!"

"ಹಾಗಾದ್ರೆ 'ಪುಟ್ಟ' ಅಂತ ಬರೆದ್ಬಿಡು. ಯಾವ ಮಗುಗಾದ್ರೂ ಆಗುತ್ತೆ."

ಕೆಂಪು ಕ್ರೀಮಿನ ಕೊಳವೆ ಹಿಡಿದು ಅಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಅಂಗಳದಲ್ಲಿ ಸೀಮೆಸುಣ್ಣದ ಒಂಬತ್ತು ದಪ್ಪ ಚುಕ್ಕಿ. ಅಕ್ಕಪಕ್ಕದ ಮನೆಯ ಮಕ್ಕಳು ಸುತ್ತ ನಿಂತಿದ್ದಾರೆ, ಮಗಳು ಒಂಟಿ ಕಾಲಲ್ಲಿ ಚುಕ್ಕಿಯಿಂದ ಚುಕ್ಕಿಗೆ ಕುಂಟುತ್ತಿದ್ದಾಳೆ. ಆ ದಾರಿ ಎಲ್ಲೋ ನೋಡಿದಂತಿದೆಯಲ್ಲ! ಅಮ್ಮ ಬರಿಗಾಲಲ್ಲೇ ಓಡಿದಳು.

"ಇದೇನೇ ಆಟ?"

"ಬೀಗದಾಟ ಅಮ್ಮಾ. ಇವತ್ತಿಂದು ಕಷ್ಟ, ನಾಲ್ಕು ಜನ ಬಿದ್ರು."

"ನನ್ನ ಬೀಗ ನಿಂಗೆ ಹೇಗೇ ಗೊತ್ತು?"

"ನಿನ್ನ ಬೆರಳಲ್ಲಿ ಯಾವಾಗ್ಲೂ ಸಕ್ಕರೆ ಪುಡಿ ಇರುತ್ತಲ್ಲ. ಮೊಬೈಲ್ ಮೇಲೆ ಗೆರೆ ಬಿದ್ದಿರುತ್ತೆ."

"ನನ್ನ ಬಂಗಾರ, ಇನ್ನೊಂದು ಸಲ ಕುಂಟೇ!"

"ನನ್ನ ಸರದಿ ಮುಗೀತು. ನೀನೇ ಕುಂಟು, ಹೇಳ್ಕೊಡ್ತೀನಿ. ನಡುವಿಂದು! ಈಗ ಮೂಲೆಗೆ! ಕಾಲೂರಿದ್ರೆ ಔಟ್!"

ಏಪ್ರನ್ ಕಟ್ಟಿದ ಅಮ್ಮ ಕ್ರೀಮಿನ ಕೊಳವೆಯನ್ನು ಎತ್ತಿ ಹಿಡಿದು ಕುಂಟಿದಳು. ಎರಡು ಸಲ ಔಟಾದಳು. ಮಕ್ಕಳು ಕೇಕೆ ಹಾಕಿದರು, ಕಿಟಕಿಯಲ್ಲಿ ಗಂಡನೂ. ಮೂರನೆಯ ಸಲ ದಾರಿ ಕಾಲಿಗೆ ಹತ್ತಿತು, ಕಾಲಿನಿಂದ ಬೆರಳಿಗೆ ಇಳಿಯಿತು, ಮೊಬೈಲು ತೆರೆಯಿತು. ಐದಕ್ಕೆ ಎರಡು ನಿಮಿಷವಿರುವಾಗ ಕೇಕಿನ ಮೇಲೆ ಹೆಸರು ಕೂತಿತು, ಒಂದಕ್ಷರವೂ ತಪ್ಪದೆ.

ಕೇಕು ಹೋದ ಮೇಲೆ ಅಮ್ಮ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. "ಬೀಗ ಗೊತ್ತಿದ್ರೂ ಮೊಬೈಲ್ ಯಾಕೆ ತೆಗೀಲಿಲ್ಲ ಪುಟ್ಟಿ?"

ಮಗಳು ಅವಳನ್ನು ಕನಿಕರದಿಂದ ನೋಡಿದಳು. "ತೆಗೆದ್ರೆ ನೀನು ಬೀಗ ಹಾಕೋದೇ ಬಿಟ್ಬಿಡ್ತಿದ್ದೆ. ಆಮೇಲೆ ನಾವೇನು ಆಡೋದು?"

ಅಂದಿನ ಡೈರಿಯಲ್ಲಿ ಅಮ್ಮ ಬರೆದದ್ದು ಒಂದೇ ಸಾಲು: 'ನಾನು ಬಾಗಿಲು ಮುಚ್ಚುತ್ತಿದ್ದೇನೆ ಅಂದುಕೊಂಡಿದ್ದೆ, ಮಕ್ಕಳು ಅದನ್ನೇ ಆಟದ ಬಯಲು ಮಾಡಿಕೊಂಡರು, ಪುಣ್ಯ.'

ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಏಳು ಮಕ್ಕಳ ನಿಯೋಗ, ಸೊಂಟದ ಮೇಲೆ ಕೈ.

"ಆಂಟಿ, ಇವತ್ತಿನ ಬೀಗ ಇನ್ನೂ ಹಾಕಿಲ್ವಂತೆ? ನಾವು ಎಷ್ಟು ಹೊತ್ತು ಅಂತ ಕಾಯೋದು?"

"ತಪ್ಪಾಯ್ತು ಕಣ್ರಪ್ಪಾ," ಎಂದು ಅಮ್ಮ ಅಲ್ಲೇ ಹೊಸಿಲ ಮೇಲೆ ಕೂತು, ಮೊಬೈಲು ಕೈಗೆತ್ತಿಕೊಂಡು ಹೋಮ್‌ವರ್ಕ್ ಶುರು ಮಾಡಿದಳು.