ಗಂಡ ಒಬ್ಬ, ಜೊತೆಗಾರರು ನಾಲ್ವರು

ಐಸ್ ಮೇಲೆ ಜೋಡಿಯಾಗಿ ಕುಣಿಯಲು ಹೊರಟವರ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನನಗಂತೂ ಚಳಿಗಾಲದ ನೆಗಡಿಯ ಹಾಗೆ ವರ್ಷಕ್ಕೊಂದು ಕಟ್ಟಿಟ್ಟ ಬುತ್ತಿ. ಮದುವೆಗೆ ನೋಡಿದ ಮೊದಲ ಗಂಡೇ ಒಪ್ಪಿಗೆಯಾಗಿತ್ತು. ಐಸ್ ಮೇಲೆ ಕೈ ಹಿಡಿಯುವವನನ್ನು ಹುಡುಕಲು ಮಾತ್ರ ಅರ್ಧ ನೆದರ್‌ಲ್ಯಾಂಡ್ಸ್ ಜಾಲಾಡಬೇಕಾಯಿತು.

ನಾನು ಮೈಸೂರಿನವಳು. ಟಿಲ್‌ಬರ್ಗ್‌ನಲ್ಲಿ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸ. ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಲು ಹೋಗಿ ನಾನೇ ಸೇರಿಕೊಂಡೆ. ಅವಳು 'ತುಂಬಾ ಚಳಿ' ಅಂತ ಡಚ್ಚಿನಲ್ಲಿ ಹೇಳಿ ಕ್ಲಾಸು ಬಿಟ್ಟಳು, ನಾನು ಬಿಡಲಿಲ್ಲ. ಐಸ್ ಡ್ಯಾನ್ಸಿನಲ್ಲಿ ಹೆಂಗಸನ್ನು ಎತ್ತಿ ಎಸೆಯುವುದು, ಗಾಳಿಯಲ್ಲಿ ಗಿರಗಿರ ತಿರುಗುವುದು ಇಲ್ಲ. ಇಬ್ಬರು ಕೈ ಹಿಡಿದುಕೊಂಡು ಸಂಗೀತಕ್ಕೆ ಸರಿಯಾಗಿ ಜಾರುತ್ತ ಕುಣಿಯಬೇಕು, ಅಷ್ಟೆ. ಆದರೆ ಈ ದೇಶದ ಗಂಡಸರು ಐಸ್ ಕಂಡರೆ ಓಟಕ್ಕೆ ನಿಲ್ಲುತ್ತಾರೆಯೇ ಹೊರತು ಕುಣಿತಕ್ಕಲ್ಲ.

ನನ್ನ ಆಸೆ ದೊಡ್ಡದೇನೂ ಅಲ್ಲ. ವಯಸ್ಕರ ಸ್ಪರ್ಧೆಯಲ್ಲಿ ಒಂದೇ ಒಂದು ಸಲ, ಸಂಗೀತ ಶುರುವಾದಾಗ ಪಕ್ಕದಲ್ಲಿದ್ದವನು ಮುಗಿದಾಗಲೂ ಪಕ್ಕದಲ್ಲಿರಬೇಕು. ನನ್ನ ಹೆಸರಿನ ಮುಂದೆ ಒಂದು ಅಂಕ ಬೀಳಬೇಕು. ಎಷ್ಟಾದರೂ ಸರಿ.

ಎಡಕ್ಕೇ ತಿರುಗುವವನು

ಮೊದಲನೆಯವನು ಹಿಂದೆ ಉದ್ದ ಬ್ಲೇಡಿನ ಸ್ಕೇಟ್ ಕಟ್ಟಿಕೊಂಡು ಓಟದ ಪಂದ್ಯಗಳಿಗೆ ಹೋಗುತ್ತಿದ್ದವನು. ಬಾಗಿಲ ಎತ್ತರ, ಒಳ್ಳೆಯ ಮನುಷ್ಯ. ಆ ಓಟದಲ್ಲಿ ತಿರುವೆಲ್ಲ ಎಡಕ್ಕೇ. ಹುಟ್ಟಿದಾಗಿನಿಂದ ಎಡಕ್ಕೇ ತಿರುಗಿದ ದೇಹ ಅದು. ಬಲಕ್ಕೆ ತಿರುಗಬೇಕಾದ ಜಾಗದಲ್ಲೆಲ್ಲ ನಾನು ಬಲಕ್ಕೆ, ಅವನು ಎಡಕ್ಕೆ, ನಮ್ಮಿಬ್ಬರ ಕೈಗಳು ಒಗೆದ ಸೀರೆ ಹಿಂಡಿದ ಹಾಗೆ.

ಕೋಚ್ ಮೇಡಂ ಹಟ ಹಿಡಿದು ಅವನಿಗೆ ಬಲ ತಿರುವು ಕಲಿಸಿದರು. ಸ್ಪರ್ಧೆಯ ದಿನ ಶುರುವೂ ಚೆನ್ನಾಗಿಯೇ ಆಯಿತು. ಆದರೆ ಗ್ಯಾಲರಿಯಲ್ಲಿ ಯಾರೋ ಹಳೇ ಗೆಳೆಯ ಅಭ್ಯಾಸಬಲದಿಂದ "ಹಪ್, ಹಪ್" ಅಂತ ಕೂಗಿಬಿಟ್ಟ. ಈ ಊರಲ್ಲಿ ಓಟಗಾರರನ್ನು ಹುರಿದುಂಬಿಸುವುದೇ ಹಾಗೆ. ನಮ್ಮವನ ಬೆನ್ನು ತಾನಾಗಿ ಬಾಗಿತು, ಒಂದು ಕೈ ಸೊಂಟದ ಹಿಂದೆ ಹೋಯಿತು, ಇನ್ನೊಂದು ನನ್ನ ಕೈಯನ್ನು ಬಿಟ್ಟು ಬೀಸತೊಡಗಿತು. ಮುಗುಳ್ನಗೆ ಹೊತ್ತುಕೊಂಡು ನಾನು ಒಬ್ಬಳೇ ಟ್ಯಾಂಗೋ ಮಾಡುತ್ತಿದ್ದೆ. ಅವನು ನನ್ನನ್ನು ಮತ್ತೆ ಮತ್ತೆ ದಾಟಿಕೊಂಡು ಹೋಗುತ್ತಿದ್ದ.

ಜೋಡಿ ಬೇರೆಯಾಗಿದ್ದಕ್ಕೆ ಅಂಕ ಕೊಡಲಿಲ್ಲ. ಅವನು ಏದುಸಿರು ಬಿಡುತ್ತ ತೀರ್ಪುಗಾರರ ಮೇಜಿನ ಹತ್ತಿರ ಹೋಗಿ ಕೇಳಿದ್ದು ಒಂದೇ ಮಾತು: "ಟೈಮ್ ಎಷ್ಟು ಬಂತು?"

ಅಫ್‌ಸ್ಪ್ರಾಕ್

ಎರಡನೆಯವನು ನಮ್ಮ ಆಫೀಸಿನವನು. ಬಲಕ್ಕೂ ತಿರುಗುತ್ತಿದ್ದ, ಎಡಕ್ಕೂ ತಿರುಗುತ್ತಿದ್ದ. ಆದರೆ ಮೊದಲೇ ಗೊತ್ತುಮಾಡಿದ ಸಮಯಕ್ಕೆ ಮಾತ್ರ. ಇಲ್ಲಿಯವರು ಅದನ್ನು ಅಫ್‌ಸ್ಪ್ರಾಕ್ ಅನ್ನುತ್ತಾರೆ. ನಮ್ಮಲ್ಲಿ ದೇವರ ಮೇಲೆ ಆಣೆ ಇಟ್ಟರೂ ಇಷ್ಟು ಗಟ್ಟಿ ಇರುವುದಿಲ್ಲ.

ಸ್ಪರ್ಧೆಯ ದಿನ ಕಾರ್ಯಕ್ರಮ ಅರ್ಧ ಗಂಟೆ ತಡವಾಯಿತು. ನಾನು ಮಿನುಗುವ ಉಡುಪು ಹಾಕಿಕೊಂಡು ಸ್ಕೇಟ್ ಬಿಗಿಯುತ್ತಿದ್ದೆ. ಅವನು ಬಿಚ್ಚುತ್ತಿದ್ದ.

"ಎಲ್ಲಿಗೆ?"

"ಅಮ್ಮನ ಬರ್ತ್‌ಡೇ. ನಾಲ್ಕು ಗಂಟೆಗೆ ಬರ್ತೀನಿ ಅಂದಿದ್ದೆ."

"ಇನ್ನು ಹತ್ತೇ ನಿಮಿಷ ಕಣೋ. ಅಮ್ಮ ತಾನೆ, ಕಾಯ್ತಾರೆ."

"ಅಮ್ಮ ಕಾಯ್ತಾರೆ. ಕೇಕ್ ಕಾಯಲ್ಲ, ನಾಲ್ಕಕ್ಕೆ ಕಟ್ ಮಾಡ್ತಾರೆ." ಪಾಪ, ಅವನಿಗೂ ಬೇಜಾರಾಗಿತ್ತು. "ನೀನೂ ಬಾ, ಬೇಕಾದ್ರೆ ಫೋನ್ ಮಾಡಿ ಒಂದು ತುಂಡು ಜಾಸ್ತಿ ಹೇಳ್ತೀನಿ" ಅಂದ.

ನನಗೆ ಅಳು ಬಂದಿತ್ತು, ಹಸಿವೂ ಆಗಿತ್ತು. ಹೋದೆ. ಅಲ್ಲಿ ಎಲ್ಲರೂ ಗೋಡೆಗುಂಟ ಕುರ್ಚಿ ಹಾಕಿಕೊಂಡು ದುಂಡಗೆ ಕೂತಿದ್ದರು. ಡಚ್ಚರಲ್ಲಿ ಹುಟ್ಟುಹಬ್ಬ ಒಬ್ಬರದಾದರೂ ಅಭಿನಂದನೆ ಎಲ್ಲರಿಗೂ ಹೇಳುತ್ತಾರೆ: ಮಗನಿಗೆ, ಸೊಸೆಗೆ, ಪಕ್ಕದ ಮನೆಯವರಿಗೆ. ಚಿಕ್ಕಮ್ಮ, ದೊಡ್ಡಪ್ಪ ಎಲ್ಲ ಸಾಲಾಗಿ ಎದ್ದು ಬಂದು, ಹೊಳೆಯುವ ಉಡುಪಿನಲ್ಲಿದ್ದ ನನ್ನ ಕೈಯನ್ನೂ ಕುಲುಕಿದರು. ಐಸ್ ಮೇಲೆ ಕಾಲೇ ಇಡದೆ ನನ್ನಷ್ಟು ಅಭಿನಂದನೆ ಪಡೆದ ಸ್ಪರ್ಧಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಕ್ಕ

ಮೂರನೆಯವನು ನಮ್ಮವನೇ. ಉಡುಪಿಯ ಹುಡುಗ, ನೈಮೆಗನ್‌ನಲ್ಲಿ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಪ್ರತಿ ಭಾನುವಾರ ರೈಲಿನಲ್ಲಿ ಬರುತ್ತಿದ್ದ. ನನ್ನ ಕೈಯನ್ನು ಪಕ್ಕದ ಮನೆಯಿಂದ ಎರವಲು ತಂದ ಪಿಂಗಾಣಿ ತಟ್ಟೆಯ ಹಾಗೆ ಹಿಡಿಯುತ್ತಿದ್ದ.

"ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡು, ಇದು ಪ್ರೇಮದ ನೃತ್ಯ" ಎಂದು ಕೋಚ್ ಮೇಡಂ ಗದರಿಸಿದರೆ ಅವನು ನನ್ನ ಕಿವಿಯನ್ನು ನೋಡುತ್ತಿದ್ದ.

"ಅಕ್ಕ, ಹಾಗೆಲ್ಲ ನೋಡ್ಲಿಕ್ಕೆ ಆಗುದಿಲ್ಲ ನಂಗೆ. ನೀವು ನಮ್ಮ ದೊಡ್ಡಕ್ಕನ ಹಾಗೇ ಇದ್ದೀರಿ."

"ಎರಡು ನಿಮಿಷ ನಾನು ಅಕ್ಕ ಅಲ್ಲ ಅಂದ್ಕೊಳೋ."

"ಅದೆಂತ ಅಕ್ಕ ಹಾಗೆ ಹೇಳುದು ನೀವು?"

ಸ್ಪರ್ಧೆಯಲ್ಲಿ ನನ್ನ ಕಿವಿಯನ್ನೇ ನೋಡುತ್ತ ನನ್ನನ್ನು ಗೋಡೆಯ ಹತ್ತಿರ ಕರೆದೊಯ್ದ. ನಾನು ಬಿದ್ದೆ. ಮಂಡಿ ಊದಿತು, ಕುಣಿತ ಅರ್ಧಕ್ಕೇ ನಿಂತಿತು. ಯಾರೋ ತೆಗೆದ ಆ ಕುಣಿತದ ವಿಡಿಯೋ ಹೇಗೋ ಅವನಿಗೆ ನೋಡಿದ್ದ ಹುಡುಗಿಯ ಮನೆಯವರಿಗೆ ಸಿಕ್ಕಿತು. ಪರಸ್ತ್ರೀಯ ಕೈ ಹಿಡಿದಿದ್ದಾನೆ ಅಂತಾರೆ, ಇನ್ನು ಸಂಬಂಧ ಮುರಿದ ಹಾಗೇ ಅಂತ ಅವನು ಒದ್ದಾಡಿದ. ಸಾಕ್ಷಿ ಹೇಳಲು ವಿಡಿಯೋ ಕಾಲ್‌ನಲ್ಲಿ ನನ್ನನ್ನೂ ಕೂರಿಸಿಕೊಂಡ.

ಹುಡುಗಿಯ ಅಪ್ಪ ಕೈ ಹಿಡಿದ ವಿಷಯ ಎತ್ತಲೇ ಇಲ್ಲ. ಕೇಳಿದ್ದು ಇಷ್ಟೇ: "ಆ ಅಕ್ಕ ಬಿದ್ದಾಗ ನೀವು ಎತ್ತಲಿಲ್ಲ ಯಾಕೆ?"

ಹುಡುಗ ಬೆವತುಹೋದ. "ಎತ್ಲಿಕ್ಕೆ ಹೋದ್ರೆ ನಾನೂ ಬೀಳ್ತಿದ್ದೆ ಸರ್. ಅಕ್ಕ ನನಗಿಂತ ಸ್ವಲ್ಪ ತೂಕ."

ಅವರು ಒಳಗೆ ತಿರುಗಿ ಹೆಂಡತಿಗೆ ಹೇಳಿದ್ದು ನಮಗೂ ಕೇಳಿಸಿತು: "ಹುಡುಗ ಅಡ್ಡಿಲ್ಲ ಮಾರಾಯ್ತಿ, ಯೋಚನೆ ಮಾಡಿ ಕೆಲಸ ಮಾಡ್ತಾನೆ."

ಅವರ ಜೋಡಿ ಕೂಡಿತು, ನಮ್ಮದು ಮುರಿಯಿತು.

ಅಜ್ಜ

ಆಮೇಲೆ ಕೋಚ್ ಮೇಡಂ ನನ್ನನ್ನು ಕೂರಿಸಿಕೊಂಡು ನೇರವಾಗಿಯೇ ಹೇಳಿದರು. "ಈ ಸಲವೂ ಅಂಕ ಬರದಿದ್ದರೆ ಭಾನುವಾರದ ನಿನ್ನ ಅಭ್ಯಾಸದ ಹೊತ್ತನ್ನು ಮಕ್ಕಳಿಗೆ ಕೊಡಬೇಕಾಗುತ್ತೆ. ಅವರು ಕಾಯ್ತಿದ್ದಾರೆ." ಸೈಕಲ್ ತುಳಿಯುತ್ತ ಮನೆ ಸೇರುವವರೆಗೂ ಅತ್ತೆ. ಎದುರುಗಾಳಿಗೆ ಕಣ್ಣೀರು ಬಂತು ಎಂದು ಗಂಡನಿಗೆ ಹೇಳಿದೆ. ಅವರು ನಂಬಲಿಲ್ಲ.

ಕೊನೆಗೆ ಸಿಕ್ಕಿದವರು ನಿವೃತ್ತ ರೈಲು ಕಂಡಕ್ಟರ್. ನನ್ನ ಅಪ್ಪನಿಗಿಂತ ದೊಡ್ಡವರು. ಹೆಂಡತಿ ಇದ್ದಾಗ ಇಬ್ಬರೂ ಊರಿನ ಸಭಾಂಗಣದಲ್ಲಿ ವಾಲ್ಟ್ಸ್ ಕುಣಿಯುತ್ತಿದ್ದರಂತೆ. "ಸೊಂಟ ಹೊಸದು, ಹಾಕಿಸಿ ಎರಡು ವರ್ಷ ಆಯ್ತು. ಮಿಕ್ಕಿದ್ದೆಲ್ಲ ಹಳೇದು" ಎಂದು ಪರಿಚಯ ಮಾಡಿಕೊಂಡರು. ಸಮಯಕ್ಕೆ ಬರುತ್ತಿದ್ದರು, ಕೈ ಬಿಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದರು. ಇನ್ನೇನು ಬೇಕು? ಸ್ಪರ್ಧೆಯ ಹಿಂದಿನ ಭಾನುವಾರ ಮಾತ್ರ ಲೈಡನ್‌ನಲ್ಲಿ ಮೊಮ್ಮಗು ಹುಟ್ಟಿತೆಂದು ಅಭ್ಯಾಸಕ್ಕೆ ಬರಲಿಲ್ಲ.

ಸ್ಪರ್ಧೆಯ ದಿನ ನನ್ನ ಗಂಡ ಗ್ಯಾಲರಿಯಲ್ಲಿ ಕೂತು ಫೋನಿನಲ್ಲಿ ಮೈಸೂರಿನ ಅಮ್ಮನಿಗೆ ಎಲ್ಲ ತೋರಿಸುತ್ತಿದ್ದರು. ವಾಲ್ಟ್ಸ್ ಶುರುವಾಯಿತು. ಅರ್ಧ ದಾಟಿತು. ಈ ಸಲ ಆಗಿಯೇ ಹೋಯಿತು ಅಂದುಕೊಳ್ಳುವಷ್ಟರಲ್ಲಿ ನನ್ನ ಕಾಲು ಅಜ್ಜನ ಕಾಲಿಗೆ ತಗುಲಿತು.

ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅಮ್ಮ ಕಲಿಸಿದ್ದು. ಬಸ್ಸಿನಲ್ಲಾದರೂ, ಸಿನಿಮಾ ಥಿಯೇಟರಿನಲ್ಲಾದರೂ ಕೈ ತಾನಾಗಿ ಹೋಗುತ್ತದೆ. ಇಲ್ಲಿಯೂ ಹೋಯಿತು. ಜಾರುತ್ತಲೇ ಬಗ್ಗಿ ಅವರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಅಜ್ಜ ಒಂದು ಕ್ಷಣ ನನ್ನನ್ನು ನೋಡಿದರು. ತಾವು ಬಾರದ ಭಾನುವಾರ ಕೋಚ್ ಮೇಡಂ ಹೊಸ ಹೆಜ್ಜೆ ಸೇರಿಸಿದ್ದಾರೆ ಅಂದುಕೊಂಡರಂತೆ. ಶಿಸ್ತಿನ ಮನುಷ್ಯ. ಹೊಸ ಸೊಂಟವನ್ನು ಬಗ್ಗಿಸಿ ನನ್ನ ಬೂಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ನನ್ನ ಜೀವ ಬಾಯಿಗೆ ಬಂತು. ಅಪ್ಪನಿಗಿಂತ ದೊಡ್ಡವರು ನನ್ನ ಕಾಲು ಮುಟ್ಟುವುದೆಂದರೇನು? ಆ ಪಾಪ ತೊಳೆದುಕೊಳ್ಳಲು ಮತ್ತೆ ಬಗ್ಗಿ ಅವರ ಕಾಲು ಮುಟ್ಟಿದೆ. ಅವರು ಮತ್ತೆ ನನ್ನದು ಮುಟ್ಟಿದರು. "ಬೇಡ, ಬೇಡ" ಅಂತ ಕನ್ನಡದಲ್ಲಿ ಹೇಳುತ್ತ ನಾನು ಬಗ್ಗಿದೆ. ಅವರು ತಾಳ ಎಣಿಸುತ್ತ ಬಗ್ಗಿದರು. ಹೀಗೆ ಒಬ್ಬರ ಕಾಲಿಗೆ ಒಬ್ಬರು ಬೀಳುತ್ತ, ಏಳುತ್ತ, ವಾಲ್ಟ್ಸ್ ತಪ್ಪದ ಹಾಗೆ ರಿಂಕಿನ ಈ ತುದಿಯಿಂದ ಆ ತುದಿಗೆ ಹೋದೆವು. ಜನ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹಾಕತೊಡಗಿದರು. ಸಂಗೀತ ನಿಂತಾಗ ಅಜ್ಜ ಬಗ್ಗಿದ್ದರು, ನಾನು ನೆಟ್ಟಗಿದ್ದೆ. ಇಬ್ಬರೂ ಕೈ ಹಿಡಿದುಕೊಂಡೇ ಇದ್ದೆವು.

ಅಂಕ ಬಂತು. ಕೊನೆಯ ಸ್ಥಾನ, ಆದರೂ ನನ್ನ ಹೆಸರಿನ ಮುಂದೆ ಅಂಕ ಇತ್ತು. ಜೋಡಿಯಲ್ಲಿ ಪರಸ್ಪರ ಇಷ್ಟು ಗೌರವ ತಾವು ಈವರೆಗೆ ಕಂಡಿಲ್ಲವೆಂದು ಒಬ್ಬರು ತೀರ್ಪುಗಾರರು ಕೋಚ್ ಮೇಡಂಗೆ ಹೇಳಿದರಂತೆ. ನನ್ನ ಭಾನುವಾರ ಉಳಿಯಿತು. ಅಷ್ಟು ಸಂತೋಷ ನನಗೆ ಮೊದಲ ಸಂಬಳದ ದಿನವೂ ಆಗಿರಲಿಲ್ಲ. ಅಜ್ಜ ಬೆಂಚಿನ ಮೇಲೆ ಕೂತು ಸೊಂಟ ಉಜ್ಜಿಕೊಳ್ಳುತ್ತಿದ್ದರು. ಗಂಡ ಓಡಿ ಬಂದು ಫೋನನ್ನು ನನ್ನ ಕೈಗೆ ಕೊಟ್ಟರು.

"ಅಮ್ಮ, ಅಂಕ ಬಂತಮ್ಮ" ಅಂದೆ.

"ಅಂಕ ಇರಲಿ ಬಿಡೇ" ಅಂದಳು ಅಮ್ಮ. "ನಾನು ಎಣಿಸ್ತಾ ಇದ್ದೆ. ನಿನ್ನ ಮೊದಲನೇದು ಕಾಲು ತಗುಲಿದ್ದಕ್ಕೆ ಹೋಯ್ತು, ಉಳಿದಿದ್ದರಲ್ಲಿ ಅವರದೇ ಒಂದು ಜಾಸ್ತಿ ಆಗಿದೆ. ಅಷ್ಟು ದೊಡ್ಡೋರು ಕಣೇ, ನಿನಗೆ ಒಳ್ಳೇದಾಗಲ್ಲ. ಮೊದಲು ಹೋಗಿ ಮುಟ್ಟು."

ಅಮ್ಮನ ಮಾತು. ಸ್ಕೇಟ್ ಕೂಡ ಬಿಚ್ಚದೆ ಹೋಗಿ ಬಗ್ಗಿ ಅಜ್ಜನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಲೆಕ್ಕ ಚುಕ್ತಾ ಆಯಿತು ಎಂದು ತಲೆ ಎತ್ತಿ ನೋಡುತ್ತೇನೆ, ಅಜ್ಜ ನಿಟ್ಟುಸಿರು ಬಿಟ್ಟು ಬೆಂಚಿನ ಅಂಚು ಹಿಡಿದುಕೊಂಡು ಮೆಲ್ಲಗೆ ಬಗ್ಗುತ್ತಿದ್ದರು.